ಅಲಗಿಗೆ ಹಿಡಿ ಕೂರಿಸುವ ಕಸುಬು

ಚಾಕುವಿನಲ್ಲಿ ಮೊದಲು ಸೋಲುವುದು ಹಿಡಿ. ಮೊಂಡಾದ ಅಲಗನ್ನು ಸಾಣೆಗೆ ಕೊಟ್ಟು ಮತ್ತೆ ಹರಿತ ಮಾಡಿಸಿಕೊಳ್ಳುತ್ತೇವೆ. ಹಿಡಿಯ ಮರ ಉಕ್ಕಿನಿಂದ ಬಿಟ್ಟುಕೊಂಡರೆ ಮಾತ್ರ, ಇನ್ನೂ ಇಪ್ಪತ್ತು ವರ್ಷ ಬಾಳಬೇಕಾದ ಚಾಕು ಗುಜರಿಗೆ ಹೋಗುತ್ತದೆ. ನೋಡಿದರೆ ಸಂಕಟವಾಗುತ್ತದೆ. ಅದನ್ನು ಸರಿಪಡಿಸುವ ವಿದ್ಯೆ ಹಳೆಯದು, ಕಲಿಯಲು ಕಷ್ಟದ್ದೂ ಅಲ್ಲ.

ನಮ್ಮ ಕುಡುಗೋಲು, ಕತ್ತಿಗಳಲ್ಲಿ ಅಲಗಿನ ಬಾಲ ಸಣ್ಣಗಾಗಿ ಮರದ ಹಿಡಿಯೊಳಗೆ ತೂರಿಕೊಂಡಿರುತ್ತದೆ. ಸಡಿಲಾದರೆ ಹಿಡಿಯ ಬುಡವನ್ನು ಕಲ್ಲಿಗೆ ಕುಟ್ಟಿದರೆ ಮುಗಿಯಿತು. ಮಾಂಸದಂಗಡಿ, ಹೋಟೆಲ್ ಅಡುಗೆಮನೆಗಳ ದಪ್ಪ ಚಾಕುಗಳ ರಚನೆ ಬೇರೆ. ಅಲ್ಲಿ ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೆ, ಹಿಡಿಯಷ್ಟೇ ಅಗಲವಾಗಿ ಚಾಚಿಕೊಂಡಿರುತ್ತದೆ. ಇದಕ್ಕೆ ಫುಲ್ ಟ್ಯಾಂಗ್ ಎನ್ನುತ್ತಾರೆ. ಎರಡೂ ಬದಿಗೆ ಮರದ ಚಕ್ಕೆ ಇಟ್ಟು, ಎರಡೋ ಮೂರೋ ರಿವೆಟ್ ಹೊಡೆದರೆ ಹಿಡಿ ಸಿದ್ಧ. ಈ ಚಕ್ಕೆಗಳೇ ಬಿಟ್ಟುಕೊಳ್ಳುವುದು.

ಈ ಕೆಲಸ ಒಂದು ದೊಡ್ಡ ಕಸುಬಾಗಿ ಬೆಳೆದ ಊರುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪ್ರಮುಖವಾದದ್ದು. ಅಲ್ಲಿನ ಚಾಕು ತಯಾರಕರ ಸಂಘಕ್ಕೆ ಪಾರ್ಲಿಮೆಂಟ್ ಕಾಯ್ದೆಯ ಮನ್ನಣೆ ಸಿಕ್ಕಿದ್ದು 1624ರಲ್ಲಿ. ಒಂದು ಚಾಕು ಮೂರು ಕೈ ದಾಟಿ ಬರುತ್ತಿತ್ತು: ಉಕ್ಕನ್ನು ಕಾಯಿಸಿ ಬಡಿಯುವವನು, ಸಾಣೆ ಹಿಡಿಯುವವನು, ಕೊನೆಗೆ ಹಿಡಿ ಕೂರಿಸಿ ಚಾಕುವಿಗೆ ಪೂರ್ಣರೂಪ ಕೊಡುವವನು. ಒಂದು ಕೋಣೆಯ ಕಾರ್ಯಾಗಾರದಲ್ಲಿ ಸ್ವಂತವಾಗಿ ದುಡಿಯುತ್ತಿದ್ದ ಇಂಥ ಕುಶಲಕರ್ಮಿಗಳನ್ನು ಊರಿನವರು ‘ಲಿಟಲ್ ಮೆಸ್ಟರ್’ ಎಂದು ಕರೆದರು. ಸ್ಟಾನ್ ಶಾ ಅವರಲ್ಲಿ ಬಹಳ ಹೆಸರಾದವರು. ಹದಿನಾಲ್ಕನೇ ವಯಸ್ಸಿಗೆ ಕೆಲಸ ಕಲಿಯಲು ಸೇರಿ, ಎಪ್ಪತ್ತಕ್ಕೂ ಹೆಚ್ಚು ವರ್ಷ ಮಡಿಸುವ ಚಾಕುಗಳನ್ನು ಮಾಡಿ, 2021ರಲ್ಲಿ ತೀರಿಕೊಂಡರು.

ಆ ಊರಿನ ಹಿಡಿಗಳಿಗೂ ನಮ್ಮ ಕಾಡಿಗೂ ನಂಟಿದೆ. ಕಡವೆ ಪ್ರತಿ ವರ್ಷ ಉದುರಿಸುವ ಕೊಂಬು ಒಳಗೂ ಗಟ್ಟಿ, ಹೊರಗೆ ಉಬ್ಬುತಗ್ಗು. ಒದ್ದೆ ಕೈಯಿಂದಲೂ ಜಾರದು. ಭಾರತದಿಂದ ಹೋದ ಇಂಥ ಕೊಂಬು ಶೆಫೀಲ್ಡಿನಲ್ಲೂ ಜರ್ಮನಿಯ ಜೋಲಿಂಗೆನ್‌ನಲ್ಲೂ ದುಬಾರಿ ಚಾಕುಗಳ ಹಿಡಿಯಾಯಿತು. 1990ರ ದಶಕದ ಕೊನೆಗೆ ಭಾರತ ಆ ರಫ್ತನ್ನು ನಿಲ್ಲಿಸಿತು. ವನ್ಯಜೀವಿಗಳ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಪಶ್ಚಿಮಘಟ್ಟದ ಬೀಟೆ ಮರವೂ ಹಿಡಿಗೆ ಹೇಳಿ ಮಾಡಿಸಿದ್ದು.

ಚಕ್ಕೆ ಬಿಡುವುದೇಕೆ? ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉಕ್ಕು ಹಾಗೆ ಮಾಡುವುದಿಲ್ಲ. ವರ್ಷಗಟ್ಟಲೆ ಇದೇ ಎಳೆದಾಟ ನಡೆದು ಅಂಟು ಸೋಲುತ್ತದೆ, ಕೂದಲೆಳೆಯಷ್ಟು ಸಂದು ಬೀಳುತ್ತದೆ. ಸಂದಿಗೆ ಇಳಿದ ನೀರು ಒಳಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹೆಚ್ಚು ಜಾಗ ಬೇಡುತ್ತದೆ. ಮರದ ಸೀಳಿಗೆ ಬಡಿದ ಬೆಣೆಯಂತೆ ಚಕ್ಕೆಯನ್ನು ಹೊರಕ್ಕೆ ನೂಕುತ್ತದೆ. ಸಿಂಕಿನ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟ ಚಾಕುವಿಗೂ ಡಿಶ್‌ವಾಷರಿಗೆ ಹೋಗುವ ಚಾಕುವಿಗೂ ಈ ಗತಿ ಬೇಗ ಬರುತ್ತದೆ. ಆ ಸಂದಿಯಲ್ಲಿ ಮಾಂಸದ ರಸ, ಜಿಡ್ಡು ಸೇರಿಕೊಳ್ಳುವುದರಿಂದ ಅಂಥ ಚಾಕುವನ್ನು ಹಾಗೇ ಬಳಸುತ್ತ ಹೋಗಲೂಬಾರದು.

ಸರಿಪಡಿಸುವಾಗ ಮೊದಲು ಅಲಗಿಗೆ ರಟ್ಟು ಸುತ್ತಿ ಟೇಪ್ ಹಚ್ಚಬೇಕು. ಈ ಕೆಲಸದಲ್ಲಿ ಕೈ ಕೊಯ್ದುಕೊಳ್ಳುವವರು ಹೆಚ್ಚಾಗಿ ಇದನ್ನು ಬಿಟ್ಟವರೇ. ಮೇಲಿನಿಂದ ಅಂಟು ಸುರಿದು ಒತ್ತಿ ಹಿಡಿಯುವುದು ತೇಪೆ ಕೆಲಸ. ಒಳಗಿನ ತುಕ್ಕು ಅಲ್ಲೇ ಉಳಿದು ಚಕ್ಕೆಯನ್ನು ಮತ್ತೆ ಎಬ್ಬಿಸುತ್ತದೆ. ಹಾಗಾಗಿ ರಿವೆಟ್ಟಿನ ತಲೆಯನ್ನು ಅರದಿಂದ ಉಜ್ಜಿ ಅಥವಾ ಡ್ರಿಲ್ ಮಾಡಿ ತೆಗೆದು, ಮೊಳೆಯನ್ನು ಹೊರಗೆ ತಟ್ಟಿ, ಚಕ್ಕೆಗಳನ್ನು ಪೂರ್ತಿ ಬಿಡಿಸಬೇಕು. ತುಕ್ಕು ಹೋಗಿ ಉಕ್ಕು ಹೊಳೆಯುವಷ್ಟು ತಿಕ್ಕಿ, ದಪ್ಪ ಉಪ್ಪುಕಾಗದದಿಂದ ಎರಡೂ ಮೈಯನ್ನು ಒರಟು ಮಾಡಿ, ಜಿಡ್ಡು ಹೋಗುವಂತೆ ಅಸಿಟೋನ್‌ನಿಂದ ಒರೆಸಬೇಕು. ಹಳೆಯ ಚಕ್ಕೆ ಸೀಳಿಲ್ಲದೆ ಸಮವಾಗಿದ್ದರೆ ಅದನ್ನೇ ಕೂರಿಸಬಹುದು. ಬಾಗಿದ್ದರೆ ಹೊಸ ಮರವೇ ಬೇಕು.

ಹೊಸ ಚಕ್ಕೆಯಾದರೆ ಅಲಗಿನ ಕಡೆಯ ಅಂಚನ್ನು ಅಂಟು ಹಾಕುವ ಮುಂಚೆಯೇ ನಯಗೊಳಿಸಬೇಕು, ಅಂಟಿದ ಮೇಲೆ ಅಲ್ಲಿ ಅರ ಆಡಿಸಿದರೆ ಅಲಗಿಗೆ ಗೀರು ಬೀಳುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಅಂಟು, ಅಂದರೆ ಎಲ್ಲರಿಗೂ ಗೊತ್ತಿರುವ ಅರಾಲ್ಡೈಟ್, ಇದಕ್ಕೆ ಒಳ್ಳೆಯದು. ಬೇಗ ಗಟ್ಟಿಯಾಗುವ ಬಗೆಗಿಂತ ನಿಧಾನದ್ದನ್ನೇ ಆರಿಸಿ. ಕ್ಲ್ಯಾಂಪನ್ನು ಮಿತಿಮೀರಿ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ನಡುವೆ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ತೆಳುವಾಗಿ ಒಸರಿದರೆ ಸಾಕು, ಅದನ್ನು ಹಸಿ ಇರುವಾಗಲೇ ಒರೆಸಿ ಇಡೀ ದಿನ ಬಿಡಬೇಕು.

ಇನ್ನು ಹಿತ್ತಾಳೆ ಮೊಳೆ. ಪುಟ್ಟ ಅಡಿಗಲ್ಲಿನ ಮೇಲೆ ಚಾಕು ಮಲಗಿಸಿ, ತೂತಿನಿಂದ ತುಸುವೇ ಹೊರಗಿಣುಕುವ ಮೊಳೆಯ ತುದಿಗೆ ಹಗುರ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ ಹೋಗಬೇಕು. ಪ್ರತಿ ಪೆಟ್ಟಿಗೂ ಹಿತ್ತಾಳೆ ಕೂದಲೆಳೆಯಷ್ಟು ಹರಡಿ ಅಣಬೆಯಾಕಾರ ತಾಳುತ್ತದೆ. ಒಂದೇ ಭಾರದ ಪೆಟ್ಟು ಕೊಟ್ಟರೆ ಮೊಳೆ ತೂತಿನೊಳಗೇ ಉಬ್ಬಿ ಮರ ಸೀಳುತ್ತದೆ. ಆಮೇಲೆ ಅರದಿಂದ ಮೊಳೆಯನ್ನೂ ಮರವನ್ನೂ ಒಂದೇ ಮಟ್ಟಕ್ಕೆ ತಂದು, ಉಪ್ಪುಕಾಗದದಲ್ಲಿ ನಯಗೊಳಿಸಬೇಕು. ಮೂಗಿಗೆ ಮಾಸ್ಕ್ ಇರಲಿ, ಬೀಟೆಯ ಹುಡಿ ಕೆಲವರಿಗೆ ಆಗಿಬರುವುದಿಲ್ಲ. ಕೊನೆಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಹೀರಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಎಣ್ಣೆ ಪೂರ್ತಿ ಒಣಗಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಚಾಕುವಿಗೆ ನೀರು ಸೋಕಿಸಬೇಡಿ.