ತೆರೆ ಮೇಲೆ ಅಂಗವಿಕಲರು: ನಗಿಸೋಕಾ, ಅಳಿಸೋಕಾ?

ತೊದಲುವ ಗುಮಾಸ್ತ ಬಂದ, ನಗಬೇಕು. ಕಣ್ಣು ಕಾಣದ ತಂಗಿ ಬಂದಳು, ಅಳಬೇಕು. ಕ್ಲೈಮ್ಯಾಕ್ಸ್‌ನಲ್ಲಿ ಆಪರೇಷನ್, ಪಟ್ಟಿ ಬಿಚ್ಚಿದರೆ ಎದುರಿಗೇ ಅಣ್ಣ! ಬೀದರಿನ ಥಿಯೇಟರಲ್ಲಿ ನೋಡಿದರೂ ಅಷ್ಟೇ, ಸಂತಪುರದಲ್ಲಿ ಕೂತು ಮೊಬೈಲಲ್ಲಿ ನೋಡಿದರೂ ಅಷ್ಟೇ, ಈ ಫಾರ್ಮುಲಾ ನಮಗೆ ಬಾಯಿಪಾಠ.

ಈಗ ಧ್ರುವ ಶರ್ಮಾ ಅವರನ್ನು ನೆನಪಿಸಿಕೊಳ್ಳಿ. ಕಿವಿ ಕೇಳದ, ಮಾತು ಬಾರದ ಕನ್ನಡದ ಹೀರೋ. ‘ಸ್ನೇಹಾಂಜಲಿ’ಯಿಂದ ಶುರು. ಸಿನಿಮಾ ತಾರೆಯರ ಸಿಸಿಎಲ್ ಕ್ರಿಕೆಟ್‌ನಲ್ಲಿ ಕರ್ನಾಟಕ ಬುಲ್ಡೋಜರ್ಸ್ ಪರ ಬ್ಯಾಟ್ ಬೀಸಿದವರು. ನಟಿ ಅಭಿನಯಾಗೂ ಕಿವಿ ಕೇಳದು, ಮಾತು ಬಾರದು. 2011ರ ‘ಹುಡುಗರು’ ಚಿತ್ರದಲ್ಲಿ ಪುನೀತ್ ತಂಗಿಯಾಗಿ ಅವರು ತುಟಿ ಆಡಿಸಿದ್ದು ನೋಡಿ, ಯಾರಾದರೂ ಹೇಳದಿದ್ದರೆ ಗೊತ್ತೇ ಆಗಲ್ಲ. ದನಿ ಬೇರೆಯವರದು, ನಿಜ. ಆದರೆ ಪರಭಾಷೆಯಿಂದ ಬರುವ ಎಷ್ಟು ನಾಯಕಿಯರಿಗೆ ಸ್ವಂತ ದನಿ ಇರುತ್ತೆ ಹೇಳಿ? ಇಬ್ಬರೂ ಜೊತೆಯಾದ ‘ಕಿಚ್ಚು’ 2018ರಲ್ಲಿ ಬಂತು. ಅದನ್ನು ನೋಡಲು ಧ್ರುವ ಇರಲಿಲ್ಲ, 2017ರಲ್ಲೇ ತೀರಿಕೊಂಡಿದ್ದರು.

ಇನ್ನು ನಗಿಸುವ ವಿಷಯ. 2024ರ ಜುಲೈನಲ್ಲಿ, ಹಿಂದಿಯ ‘ಆಂಖ್ ಮಿಚೋಲಿ’ ಸಿನಿಮಾ ಅಂಗವಿಕಲರನ್ನು ಗೇಲಿ ಮಾಡಿದೆ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅದನ್ನು ಹೀನಾಯ ಮಾಡುವ ಹಾಸ್ಯ ಬೇರೆ. ಸಿನಿಮಾಕ್ಕೆ ಕತ್ತರಿ ಹಾಕಲಿಲ್ಲ, ಮಾರ್ಗಸೂಚಿ ಕೊಟ್ಟಿತು: ಅಂಗವಿಕಲರ ಬಗ್ಗೆ ಬರೆಯುವಾಗ ಅವರನ್ನೂ ಒಳಗೆ ಸೇರಿಸಿಕೊಳ್ಳಿ.

ಔರಾದ್, ಭಾಲ್ಕಿ ಕಡೆ ಕಿರುಚಿತ್ರ ಮಾಡೋ ಹುಡುಗರೇ, ಮುಂದಿನ ಸ್ಕ್ರಿಪ್ಟ್‌ನಲ್ಲಿ ಗಾಲಿಕುರ್ಚಿಯವನಿಗೆ ಒಂದು ಪ್ರೀತಿ, ಒಂದು ಜಗಳ, ಒಂದಿಷ್ಟು ಸಾಲ ಬರೀರಿ. ಪಾತ್ರ ಮಾಡೋಕೂ ಅಂಥವರನ್ನೇ ಕರೀರಿ.