ಓದಿದ್ದೆಲ್ಲ ಎಲ್ಲಿ ಹೋಯಿತು? ವೈದ್ಯಕೀಯ ವಿದ್ಯಾರ್ಥಿ ಮತ್ತು ಮರೆವಿನ ವಿಜ್ಞಾನ

ಹುಬ್ಬಳ್ಳಿಯಲ್ಲಿ 1957ರಲ್ಲಿ ಪ್ರಾರಂಭವಾದ ಕರ್ನಾಟಕ ವೈದ್ಯಕೀಯ ಕಾಲೇಜು (ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’) ಮತ್ತು ಧಾರವಾಡದ ದಾರಿಯಲ್ಲಿ ಸತ್ತೂರಿನಲ್ಲಿರುವ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿಗೆ ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಾರೆ. ಪಿ.ಯು.ಸಿ.ಯಲ್ಲಿ ತಮ್ಮ ತಮ್ಮ ತರಗತಿಗೆ ಮುಂದಿದ್ದವರೇ ಎಲ್ಲರೂ. ಆದರೂ ಮೊದಲ ಕಿರುಪರೀಕ್ಷೆ ಮುಗಿದೊಡನೆ ಇಂಥ ಕಾಲೇಜುಗಳಲ್ಲಿ ಕೇಳಿಬರುವ ಮಾತು ಒಂದೇ: “ರಾತ್ರಿಯೆಲ್ಲಾ ಓದೇನ್ರಿ ಸರ, ಪೇಪರ್ ಕೈಗೆ ಬಂದ ಮ್ಯಾಲೆ ಏನೂ ನೆನಪಾಗ್ಲಿಲ್ರಿ.”

ಇದು ಸೋಮಾರಿಯ ನೆಪವಲ್ಲ. ಮೊದಲ ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಒಟ್ಟಿಗೇ ಬಂದು ನಿಲ್ಲುತ್ತವೆ. ದೇಹದ 206 ಮೂಳೆಗಳ ಹೆಸರು ಕಲಿತರೆ ಸಾಲದು. ಯಾವ ಉಬ್ಬಿಗೆ ಯಾವ ಸ್ನಾಯು ಅಂಟಿದೆ, ಅದಕ್ಕೆ ಯಾವ ನರ, ಯಾವ ರಕ್ತನಾಳ ಎಂದೂ ಹೇಳಬೇಕು. ಚೌರಾಸಿಯಾ, ಗೈಟನ್ ಗ್ರಂಥಗಳ ದಪ್ಪವನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸೋಲಿನ ಬೆಲೆಯೂ ದೊಡ್ಡದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಮೊದಲ ವರ್ಷದ ಪರೀಕ್ಷೆಗೆ ನಾಲ್ಕಕ್ಕಿಂತ ಹೆಚ್ಚು ಅವಕಾಶಗಳನ್ನು ಕೊಡುವುದಿಲ್ಲ.

ಹಾಗಾದರೆ ಓದಿದ್ದು ಎಲ್ಲಿ ಹೋಗುತ್ತದೆ? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಕೆಲಕಾಲ ಬಿಟ್ಟು ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿಯುತ್ತದೆಂದು ತನ್ನ ಮೇಲೆಯೇ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯ ನಂತರ ಉಳಿತಾಯ ಅರ್ಧಕ್ಕಿಂತ ಕಡಿಮೆ, ಒಂದು ದಿನದ ನಂತರ ಸುಮಾರು ಮೂರನೇ ಒಂದು ಭಾಗ, ತಿಂಗಳ ನಂತರ ಐದನೇ ಒಂದು ಭಾಗ. ಅಂದರೆ ಮರೆವು ಮೊದಮೊದಲು ರಭಸದಿಂದ ನಡೆದು ಆಮೇಲೆ ನಿಧಾನವಾಗುತ್ತದೆ. ಅರ್ಥವುಳ್ಳ ವಿಷಯ ಇಷ್ಟು ಬೇಗ ಅಳಿಯುವುದಿಲ್ಲ, ನಿಜ. ಆದರೆ ಇಳಿಜಾರಿನ ಆಕಾರ ಅದೇ.

ಮರೆತದ್ದಕ್ಕೆ ವಿದ್ಯಾರ್ಥಿಯು ಮಾಡುವ ಮದ್ದು ಮತ್ತೊಮ್ಮೆ ಓದುವುದು, ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು. ಇದರ ಫಲವನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪರೀಕ್ಷಿಸಿದರು. ಒಂದು ಗುಂಪು ಚಿಕ್ಕ ಪಾಠವೊಂದನ್ನು ನಾಲ್ಕು ಅವಧಿಗಳಲ್ಲಿ ಬರೀ ಓದಿತು. ಒಬ್ಬೊಬ್ಬರೂ ಸರಾಸರಿ 14 ಬಾರಿ ಓದಿದ್ದರು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಾದದ್ದನ್ನು ಬರೆಯಿತು. ಇವರು ಓದಿದ್ದು ಸರಾಸರಿ ಮೂರೂವರೆ ಬಾರಿಯಷ್ಟೇ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದು: 83ಕ್ಕೆ 71 ಶೇಕಡ. ಒಂದು ವಾರದ ನಂತರ? ಓದಿದವರಿಗೆ 40, ಬರೆದವರಿಗೆ 61. ವಿಚಿತ್ರವೆಂದರೆ ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಭರವಸೆ ಇಟ್ಟಿದ್ದವರು ಬರೀ ಓದಿದವರು!

ಕಾರಣ ಊಹಿಸಬಹುದು. ಗುರುತು ಹಿಡಿಯುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಂಡು ‘ಇದು ಗೊತ್ತು’ ಎನಿಸುತ್ತದೆ. ಆದರೆ ಸ್ಪಾಟರ್ ಪರೀಕ್ಷೆಯಲ್ಲಿ ಗಂಟೆ ಬಾರಿಸಿ, ಸಂಖ್ಯೆ ಅಂಟಿಸಿದ ಅಂಗದ ಮುಂದೆ ನಿಂತಾಗ ಪುಟ ಎದುರಿಗಿರುವುದಿಲ್ಲ. ನೆನಪನ್ನು ಮೇಲೆತ್ತುವ ಶ್ರಮವೇ ಅದನ್ನು ಗಟ್ಟಿಗೊಳಿಸುತ್ತದೆಂಬುದು ಮನೋವಿಜ್ಞಾನಿಗಳ ವಿವರಣೆ. ಕಿರಿಯ ವೈದ್ಯರಲ್ಲೂ ಇದು ಕಂಡುಬಂದಿದೆ. ಲಾರ್ಸೆನ್ ಮತ್ತು ಸಂಗಡಿಗರ 2009ರ ಅಧ್ಯಯನದಲ್ಲಿ, ಎರಡು ನರಸಂಬಂಧಿ ಕಾಯಿಲೆಗಳನ್ನು ಕಲಿತವರಲ್ಲಿ ಆಗಾಗ್ಗೆ ಪರೀಕ್ಷೆ ಬರೆದ ವಿಷಯದ ಅಂಕ ಆರು ತಿಂಗಳ ನಂತರ, ಮತ್ತೆ ಓದಿದ ವಿಷಯಕ್ಕಿಂತ 13 ಶೇಕಡ ಅಂಶಗಳಷ್ಟು ಮೇಲಿತ್ತು.

ನಮ್ಮ ಹಳ್ಳಿಯ ಶಾಲೆಗಳಲ್ಲಿ ಸಂಜೆ ಮಗ್ಗಿ ಹೇಳಿಸುತ್ತಿದ್ದುದನ್ನು ಈಗ ‘ಗಿಳಿಪಾಠ’ವೆಂದು ಹಳಿಯುವುದು ವಾಡಿಕೆ. ಅದರಲ್ಲಿ ಪುಸ್ತಕ ನೋಡದೆ ಒಪ್ಪಿಸುವ ಭಾಗ ಬಹಳ ಒಳ್ಳೆಯದು. ಅರ್ಥ ತಿಳಿಸದೆ ಒಪ್ಪಿಸಿಕೊಂಡದ್ದು ಮಾತ್ರ ದೋಷ.

ಅರ್ಥದ ಮಾತು ಬಂದಾಗ ಮಣಿಕಟ್ಟಿನ ಎಂಟು ಮೂಳೆಗಳನ್ನು ನೋಡೋಣ. ಕನ್ನಡ ಮಾಧ್ಯಮದಿಂದ ಬಂದವರಿಗೆ ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್ ಎಂಬವು ಬರೀ ಸದ್ದು. ಅವು ಗ್ರೀಕ್, ಲ್ಯಾಟಿನ್ ಮಾತುಗಳೆಂದೂ, ಕ್ರಮವಾಗಿ ದೋಣಿ, ಚಂದ್ರ, ಮೂರು ಮೂಲೆ, ಬಟಾಣಿ ಎಂಬ ಅರ್ಥದವೆಂದೂ ತಿಳಿದ ಮೇಲೆ ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸದ್ದು ರೂಪವಾಗುತ್ತದೆ. ಎರಡನೇ ಸಾಲಿನ ಕ್ಯಾಪಿಟೇಟ್ ತಲೆಯುಳ್ಳದ್ದು, ಹ್ಯಾಮೇಟ್ ಕೊಕ್ಕೆಯುಳ್ಳದ್ದು. ಇಂಥ ಕೊಂಡಿಗಳನ್ನು ಕನ್ನಡದಲ್ಲೇ ಕಟ್ಟಿಕೊಳ್ಳಬೇಕು. ಇಂಗ್ಲಿಷಿನ ಸಿದ್ಧ ಸೂತ್ರವಾಕ್ಯಗಳಿಗಿಂತ ಅವು ಮೇಲೆಂಬುದು ನನ್ನ ಅಭಿಪ್ರಾಯ.

ಭುಜದ ನರಜಾಲವನ್ನು ಕಲಿಯಬೇಕಾಗಿದೆ ಎನ್ನಿ. ಒಮ್ಮೆ ಅರ್ಥಮಾಡಿಕೊಂಡು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ: ಐದು ಬೇರುಗಳು, ಮೂರು ಕಾಂಡಗಳು, ಆರು ವಿಭಾಗಗಳು, ಮೂರು ತಂತುಗಳು, ಕೊನೆಗೆ ಐದು ಶಾಖೆಗಳು. ಎಲ್ಲಿ ಕೈ ನಿಂತಿತೋ ಅಲ್ಲಿ ಪುಸ್ತಕ ತೆರೆಯಿರಿ. ತಪ್ಪನ್ನು ಆಗಲೇ ತಿದ್ದುವುದು ಮುಖ್ಯ, ಇಲ್ಲವಾದರೆ ತಪ್ಪೇ ಗಟ್ಟಿಯಾದೀತು. ಇದನ್ನೇ ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ಮಾಡಬೇಕು. ಸ್ವಲ್ಪ ಮರೆತ ಮೇಲೆ ನೆನಪಿಸಿಕೊಂಡರೇ ಲಾಭ. ಈ ಅಂತರವನ್ನು ಸರಳಗೊಳಿಸಲು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪೆಟ್ಟಿಗೆಯ ಉಪಾಯ ಹೇಳಿದ. ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರವಿರುವ ಚೀಟಿಗಳು; ಸರಿಯಾದವು ತಡವಾಗಿ ನೋಡುವ ಮುಂದಿನ ಖಾನೆಗೆ, ತಪ್ಪಾದವು ಮತ್ತೆ ಮೊದಲ ಖಾನೆಗೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಇಂಥ ಹತ್ತಿಪ್ಪತ್ತು ಚೀಟಿಗಳನ್ನು ತಿರುವಿಹಾಕಬಹುದು.

ನಿದ್ದೆ ಬಿಡುವುದಂತೂ ನಷ್ಟದ ವ್ಯಾಪಾರ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ತೋರಿಸಿದ್ದರು.

ಅಧ್ಯಾಪಕರೂ ಪಾಠದ ಆರಂಭದಲ್ಲಿ ಐದು ನಿಮಿಷ, ಹಿಂದಿನ ವಾರದ ಪಾಠದ ಮೇಲೆ ಅಂಕವಿಲ್ಲದ ಮೂರು ಪ್ರಶ್ನೆ ಕೇಳಬಹುದು. ಅಂಕವಿಲ್ಲದಿರುವುದು ಮುಖ್ಯ, ಹೆದರಿಕೆ ಇದ್ದಲ್ಲಿ ಯಾರೂ ತಪ್ಪು ಉತ್ತರ ಹೇಳುವುದಿಲ್ಲ.

ವಿಧಾನ ಬದಲಾಯಿಸಿದರೂ ಊಟ, ನಿದ್ದೆ ಬಿಟ್ಟು ಮಂಕಾದ ವಿದ್ಯಾರ್ಥಿಗೆ ಬೇಕಾದದ್ದು ಓದಿನ ಸಲಹೆಯಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.