ನೆಲ ನಡುಗುವ ಮೊದಲೇ ಅಳೆಯಬೇಕು

ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಭೂಮಿ ಲಘುವಾಗಿ ಕಂಪಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ, ನಿವೃತ್ತಿಯ ನಂತರ ನಾನು ನೆಲೆಸಿರುವ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ: ‘ಸಾಹೇಬ್ರ, ಇಷ್ಟೊಂದು ಬೋರ್ ಹೊಡಿಸಿದ್ದಕ್ಕ ಭೂಮಿ ನಡಗಾಕತ್ತೈತೇನ್ರಿ?’ ಕೆಲವು ನೂರು ಅಡಿ ಇಳಿಯುವ ಕೊಳವೆಬಾವಿಗೂ ಕಿಲೋಮೀಟರುಗಳ ಆಳದಲ್ಲಿ ಹುಟ್ಟುವ ಕಂಪನಕ್ಕೂ ನೇರ ನಂಟು ಕಲ್ಪಿಸುವುದು ಕಷ್ಟ. ಆದರೆ ಪ್ರಶ್ನೆಯ ಹಿಂದಿರುವ ಅನುಮಾನ ನಕ್ಕು ತಳ್ಳಿಹಾಕುವಂಥದ್ದಲ್ಲ. ಮನುಷ್ಯನ ಕೆಲಸದಿಂದ ಭೂಮಿ ನಡುಗಬಲ್ಲದು. ಅದು ಹೇಗೆಂಬುದು ಖಚಿತವಾಗಿ ತಿಳಿದದ್ದು ತೈಲಬಾವಿಗಳ ಬಳಿ.

ನಮ್ಮ ನೆಲದಲ್ಲಿ ತೈಲವಿಲ್ಲ. ಇಲ್ಲಿಯ ‘ಧಾರವಾಡ ಶಿಲಾಶ್ರೇಣಿ’ ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಳೆಯದು. ಆದರೂ ತೈಲಕ್ಷೇತ್ರಗಳ ಆ ಪಾಠ ನಮಗೆ ಅನ್ವಯಿಸುತ್ತದೆ.

ಅಮೆರಿಕದ ಸೇನೆ ಡೆನ್ವರ್ ನಗರದ ಬಳಿ ಸುಮಾರು 3,600 ಮೀಟರ್ ಆಳದ ಬಾವಿ ಕೊರೆದು, 1962ರ ಮಾರ್ಚ್‌ನಿಂದ ರಾಸಾಯನಿಕ ತ್ಯಾಜ್ಯವನ್ನು ಅದರೊಳಗೆ ಒತ್ತಡದಿಂದ ತುಂಬತೊಡಗಿತು. ಮರು ತಿಂಗಳಿನಿಂದಲೇ ಆ ಪ್ರದೇಶ ನಡುಗಲಾರಂಭಿಸಿತು. 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ತುಂಬಿದ ದ್ರವದ ಪ್ರಮಾಣವನ್ನೂ ಕಂಪನಗಳ ಸಂಖ್ಯೆಯನ್ನೂ ಎದುರುಬದುರು ಇಟ್ಟು ಎರಡಕ್ಕೂ ಸಂಬಂಧವಿದೆಯೆಂದು ಬಹಿರಂಗವಾಗಿ ಹೇಳಿದರು. 1966ರ ಫೆಬ್ರುವರಿಯಲ್ಲಿ ತುಂಬುವುದನ್ನು ನಿಲ್ಲಿಸಲಾಯಿತು. ವಿಚಿತ್ರವೆಂದರೆ, ಅಲ್ಲಿಯ ಅತಿ ದೊಡ್ಡ ಕಂಪನಗಳು ಸಂಭವಿಸಿದ್ದು 1967ರಲ್ಲಿ! ಪಂಪು ನಿಂತರೂ ಬಂಡೆಯ ಬಿರುಕುಗಳಲ್ಲಿ ಒತ್ತಡ ಹರಡುವುದು ನಿಂತಿರಲಿಲ್ಲ.

ಇದು ಕಾಕತಾಳೀಯವಲ್ಲವೆಂದು ತೋರಿಸಲು ಪ್ರಯೋಗವೇ ಬೇಕಿತ್ತು. ಅದೇ ಕೊಲರಾಡೊ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ, ಉಳಿದ ತೈಲವನ್ನು ಮೇಲೆ ತಳ್ಳಲೆಂದು 1957ರಿಂದ ನೀರು ತುಂಬಲಾಗುತ್ತಿತ್ತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು 1969ರಿಂದ ಅಲ್ಲಿ ಕಂಪನಮಾಪಕಗಳ ಜಾಲವನ್ನು ಹರಡಿ ಕೆಲಸಕ್ಕಿಳಿದರು. ಆಳದ ಬಂಡೆಯ ಸಹಜ ಒತ್ತಡವನ್ನು ಅಳೆದು, ಬಿರುಕಿನ ನೀರಿನ ಒತ್ತಡ ಇಂತಿಷ್ಟನ್ನು ಮೀರಿದರೆ ನಡುಗಬೇಕೆಂದು ಲೆಕ್ಕಹಾಕಿದರು. 1970ರ ನವೆಂಬರ್‌ನಲ್ಲಿ ನೀರನ್ನು ಹಿಂದಕ್ಕೆ ಹರಿಯಬಿಟ್ಟಾಗ ಕಂಪನಗಳು ಥಟ್ಟನೆ ಇಳಿದವು. ಒತ್ತಡವನ್ನು ಮತ್ತೆ ಏರಿಸಿದಾಗ ಮರಳಿ ಬಂದವು. 1973ರಲ್ಲಿ ಇಳಿಸಿದಾಗ ಮತ್ತೆ ಅಡಗಿದವು. ಭೂಕಂಪವನ್ನು ನಲ್ಲಿಯಂತೆ ತಿರುಗಿಸಿ ನೋಡಿದ ಇಂಥ ಉದಾಹರಣೆ ವಿಜ್ಞಾನದಲ್ಲಿ ಅಪರೂಪ.

ಇದರ ತತ್ತ್ವ ಸರಳ. ಆಳದ ಬಿರುಕಿನ ಎರಡು ಮುಖಗಳು ಮೇಲಿನ ಭಾರಕ್ಕೆ ಒಂದನ್ನೊಂದು ಅದುಮಿಕೊಂಡಿರುತ್ತವೆ. ನಡುವೆ ಸೇರಿದ ನೀರು ಆ ಬಿಗಿಯನ್ನು ಸಡಿಲಿಸುತ್ತದೆ. ಮೊದಲೇ ಜಾರಲು ಕಾದಿದ್ದ ಬಂಡೆ ಜಾರುತ್ತದೆ. ನೀರು ಕಂಪನದ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಕೂಡಿಟ್ಟಿದ್ದನ್ನು ಬಿಡುಗಡೆ ಮಾಡುತ್ತದೆ.

ಆದರೂ ಅರ್ಧ ಶತಮಾನದ ಬಳಿಕ ಅದೇ ಅಮೆರಿಕದ ಒಕ್ಲಹೋಮದಲ್ಲಿ, ತೈಲದೊಡನೆ ಮೇಲೆ ಬರುವ ಉಪ್ಪುನೀರನ್ನು ಎಗ್ಗಿಲ್ಲದೆ ಆಳಕ್ಕೆ ತುಂಬಲಾಯಿತು. 2009ಕ್ಕೆ ಮುನ್ನ ಆ ರಾಜ್ಯದಲ್ಲಿ 3ಕ್ಕಿಂತ ಹೆಚ್ಚಿನ ಪ್ರಮಾಣದ ಕಂಪನಗಳು ವರ್ಷಕ್ಕೆ ಒಂದೆರಡು ಮಾತ್ರ. 2015ರಲ್ಲಿ ಸುಮಾರು 900. ತುಂಬುವ ಪ್ರಮಾಣಕ್ಕೆ ಕಡಿವಾಣ ಬಿದ್ದ ಮೇಲೆ ಅವು ಇಳಿದವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಹೆಚ್ಚು ಕಾಡುವುದು ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ಪ್ರಕರಣ. ಅಲ್ಲಿ ಸಮಸ್ಯೆ ತುಂಬುವುದರಿಂದಲ್ಲ, ತೆಗೆಯುವುದರಿಂದ. ಅನಿಲ ಬರಿದಾದಂತೆ ಬಂಡೆಯ ಪದರ ಕುಗ್ಗಿ, ಬಿರುಕುಗಳು ಜಾರಿದವು. ಕಂಪನಕ್ಕೂ ಅನಿಲಕ್ಕೂ ಸಂಬಂಧವಿದೆಯೆಂದು ಅಧಿಕೃತವಾಗಿ ಒಪ್ಪಿಕೊಳ್ಳಲು 1993ರವರೆಗೆ ಕಾಯಬೇಕಾಯಿತು. 2012ರ ಆಗಸ್ಟ್ 16ರ ಕಂಪನದ ಪ್ರಮಾಣ ಕೇವಲ 3.6. ಮೂಲ ಸುಮಾರು ಮೂರೇ ಕಿಲೋಮೀಟರ್ ಆಳದಲ್ಲಿದ್ದುದರಿಂದ ಇಟ್ಟಿಗೆಯ ಮನೆಗಳು ಬಿರುಕುಬಿಟ್ಟವು. ಅನಿಲದ ಲಾಭ ಇಡೀ ದೇಶಕ್ಕೆ, ಬಿರುಕು ಒಂದು ಪ್ರಾಂತಕ್ಕೆ. ಈ ಬಿರುಕು ಹೊಸದೋ ಹಳೆಯದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಪಂಚನಾಮೆಗಳನ್ನು ಕಂಡ ನಮ್ಮಂಥ ಅಧಿಕಾರಿಗಳಿಗೆ ಇದು ಹೊಸ ವಾದವೇನಲ್ಲ! ಕೊನೆಗೆ 2016ರ ಅಂತ್ಯದಲ್ಲಿ ಡಚ್ ಕಾನೂನು ಸಾಕ್ಷ್ಯದ ಹೊರೆಯನ್ನೇ ತಿರುಗಿಸಿತು: ಹಾನಿ ಕಂಪನದಿಂದಲ್ಲವೆಂದು ಕಂಪನಿಯೇ ತೋರಿಸಬೇಕು. 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವುದು ನಿಂತಿತು.

ನಮ್ಮಲ್ಲಿ ಇದೇ ತತ್ತ್ವದ ಘೋರ ನಿದರ್ಶನ ಕೊಯ್ನಾ. ಜಲಾಶಯ ತುಂಬಿದ ಮೇಲೆ ಕಂಪನಗಳು ಆರಂಭವಾಗಿ, 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪದಲ್ಲಿ ಸುಮಾರು 200 ಜನ ಸತ್ತರು. ಅಲ್ಲಿ 2017ರಲ್ಲಿ ಮೂರು ಕಿಲೋಮೀಟರ್ ಆಳದ ಸಂಶೋಧನಾ ರಂಧ್ರ ಕೊರೆಯಲಾಯಿತು. ಕಿಲ್ಲಾರಿಯ ಮಾತು ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಬಲಿ ಪಡೆದ ಆ ಭೂಕಂಪಕ್ಕೆ ಸಮೀಪದ ಜಲಾಶಯದ ಪಾತ್ರವಿತ್ತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಿಂದಿನ ವರ್ಷವೇ ಅಲ್ಲಿ ಸಣ್ಣ ಕಂಪನಗಳ ಸರಮಾಲೆ ಜನರ ಅನುಭವಕ್ಕೆ ಬಂದಿತ್ತು.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ಜನ ಮನೆಯೊಳಗೆ ಮಲಗಲು ಹೆದರಿದಾಗ, ಮಳೆನೀರು ಆಳಕ್ಕಿಳಿದು ಒತ್ತಡ ಬದಲಾದದ್ದೇ ಕಾರಣವಿರಬಹುದೆಂದು ವಿಜ್ಞಾನಿಗಳು ವಿವರಿಸಿದರು. ರೇಂಜ್ಲಿಯ ತತ್ತ್ವಕ್ಕೆ ಇದು ಒಪ್ಪುವ ವಿವರಣೆಯೇ. ಆದರೆ ರೇಂಜ್ಲಿಯಲ್ಲಿ ಬಾವಿಯ ಒತ್ತಡದ ಅಳತೆಗಳೂ ಸುತ್ತಲಿನ ಕಂಪನಮಾಪಕಗಳೂ ಇದ್ದವು. ಕಂಪನ ಶುರುವಾದ ಮೇಲೆ ಧಾವಿಸುವ ತಂಡಕ್ಕೆ ಹಿಂದಿನ ಹತ್ತು ವರ್ಷಗಳ ದಾಖಲೆ ಎಲ್ಲಿಂದ ಬರಬೇಕು? ‘ಆತಂಕಪಡಬೇಡಿ’ ಎಂಬ ಪ್ರಕಟಣೆಗೆ ಬೆಲೆ ಬರುವುದು ಅದರ ಹಿಂದೆ ಅಂಕಿ-ಅಂಶಗಳಿದ್ದಾಗ.

ಇದೀಗ ಇಂಗಾಲದ ಡೈಆಕ್ಸೈಡನ್ನು ಹಿಡಿದು ಆಳದ ಬಂಡೆಗಳಿಗೆ ತುಂಬುವ ಆಲೋಚನೆ ನಮ್ಮ ದೇಶದಲ್ಲೂ ನಡೆದಿದೆ. ನೀತಿ ಆಯೋಗ 2022ರಲ್ಲಿ ಈ ಕುರಿತು ವರದಿ ಪ್ರಕಟಿಸಿತು. ದಖನ್ನಿನ ಕಪ್ಪುಶಿಲೆಯ ಮೇಲೂ ಸಂಶೋಧಕರ ಕಣ್ಣಿದೆ. ಇಂಥ ಯೋಜನೆ ಉತ್ತರ ಕರ್ನಾಟಕಕ್ಕೆ ಬರುವುದಾದರೆ, ಕನಿಷ್ಠ ಐದು ವರ್ಷ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ ಕಂಪನಮಾಪಕಗಳು ಇರಬೇಕು. ಅದರ ವೆಚ್ಚವನ್ನು ಯೋಜನೆಯೇ ಭರಿಸಬೇಕು. ಅಂಕಿ-ಅಂಶ ಗ್ರಾಮ ಪಂಚಾಯಿತಿಗೂ ಸಿಗಬೇಕು. ಸಾಕ್ಷ್ಯದ ಹೊರೆ ಯಾರದ್ದೆಂಬುದನ್ನು ಪರವಾನಗಿಯ ಷರತ್ತಿನಲ್ಲೇ ಬರೆದಿಡಬೇಕು.